ಹೆಸರು ಜಾನಪದ, ಹುಡುಗಿಗೆ ಮಾತಿಲ್ಲ



ಕಬ್ಬಿನ ಹಂಗಾಮಿನಲ್ಲಿ ನಮ್ಮ ಭಾಗದ ಭೂಸನೂರ, ಹವಳಗಾ ಸಕ್ಕರೆ ಕಾರ್ಖಾನೆಗಳ ದಾರಿಗುಂಟ ಟ್ರ್ಯಾಕ್ಟರ್‌ಗಿಂತ ಮೊದಲು ಅದರ ಹಾಡು ಬರುತ್ತದೆ. ಯೂಟ್ಯೂಬಿನಲ್ಲಿ ‘ಉತ್ತರ ಕರ್ನಾಟಕ ಜಾನಪದ’ ಎಂಬ ಹೆಸರಿನಲ್ಲಿ ಓಡುವ ವಿಡಿಯೊ ಹಾಡುಗಳವು. ಅವನ್ನು ಸಾರಾಸಗಟಾಗಿ ಹಳಿಯುವವಳು ನಾನಲ್ಲ. ನಮ್ಮ ಮಾತನ್ನು ಸಿನಿಮಾದವರು ಬಹುಕಾಲ ನಗೆಪಾತ್ರಕ್ಕೋ ಖಳನಿಗೋ ಕೊಟ್ಟು ಕೈತೊಳೆದುಕೊಂಡರು. ಇಲ್ಲಿ ಗಾಡಿ ಹೊಡೆಯುವ ಹುಡುಗನೇ ಹೀರೋ, ನಮ್ಮ ಭಾಷೆಯಲ್ಲೇ ಅಳುತ್ತಾನೆ. ಅದೇನು ಸಣ್ಣದಲ್ಲ.

ನನ್ನ ತಕರಾರು ಹುಡುಗಿಯ ವಿಷಯದಲ್ಲಿ. ಆಕೆ ಒಂದೋ ಕೈಕೊಟ್ಟವಳು, ಇಲ್ಲವೇ ನೌಕರಿಯವನ ಬೆನ್ನುಹತ್ತಿದವಳು. ಕ್ಯಾಮೆರಾ ಆಕೆಯ ಮುಖ ಬಿಟ್ಟು ನಡುವಿನ ಸುತ್ತ ಸುಳಿಯುತ್ತದೆ. ಮದುವೆಗೆ ಮುಂಚೆ ಅವಳನ್ನು ಯಾರಾದರೂ ಕೇಳಿದ್ದರೇ? ಅದಕ್ಕೊಂದು ನುಡಿಯಿಲ್ಲ. ಎಷ್ಟೋ ಹಾಡುಗಳಲ್ಲಿ ಹುಡುಗಿಯ ಹೆಸರೇ ಹಾಡಿನ ಪಲ್ಲವಿಯಾಗಿರುತ್ತದೆ. ಆ ಹೆಸರಿನವಳು ಒಳಗೆ ಬಂದರೆ ಹಿಂದಿನ ಬೆಂಚಿನಿಂದ ಹಾಡು ಏಳುವುದನ್ನು ನನ್ನ ತರಗತಿಯಲ್ಲೇ ಕೇಳಿದ್ದೇನೆ. “ಮೇಡಂರೀ, ಹಾಜರಿ ತಗೊಳ್ಳಾಗ ನನ್ನ ಹೆಸರು ಕರಿಬ್ಯಾಡ್ರಿ, ನಂಬರ್ ಹೇಳ್ರಿ” ಅಂದಿದ್ದಳು ಒಬ್ಬಾಕೆ.

ಈಗ ಬೆಂಗಳೂರಿನ ಸಿನಿಮಾಕ್ಕೂ ಈ ಧಾಟಿ ಬೇಕಾಗಿದೆ. 2024ರ ‘ಕರಟಕ ದಮನಕ’ದ ‘ಹಿತ್ತಲಕ’ ಹಾಡಿಗೆ ಕುಣಿಯದ ಮದುವೆ ಮನೆ ಉಂಟೇ? ನಮ್ಮ ಇಡೀ ಮನೆಯಲ್ಲಿ ಸಿನಿಮಾದವರ ಕಣ್ಣಿಗೆ ಬಿದ್ದದ್ದು ಹಿತ್ತಲೊಂದೇ!

ಹಾಗೆಂದು ಜನಪದರೇನೂ ಮಡಿವಂತರಲ್ಲ. ಮದುವೆಯಲ್ಲಿ ಬೀಗರನ್ನು ಮೂದಲಿಸುವ ಪದ ಕೇಳಿದವರಿಗೆ ಅದು ಗೊತ್ತು. ಆದರೆ ಅಲ್ಲಿ ಹಾಡುತ್ತಿದ್ದವಳು ಹೆಣ್ಣು, ಅನ್ನಿಸಿಕೊಳ್ಳುತ್ತಿದ್ದವ ಬೀಗ. ಬೀಸುವ ಪದವನ್ನು ಕಟ್ಟಿದವಳೂ ಅವಳೇ. ಕಡಕೋಳ ಮಡಿವಾಳಪ್ಪನವರೂ ಅವರ ಶಿಷ್ಯ ಚೆನ್ನೂರ ಜಲಾಲಸಾಹೇಬರೂ ತತ್ವಪದ ಹಾಡಿದ ನೆಲವಿದು. ಮೊಹರಂ ಬಂದರೆ ಇಂದಿಗೂ ಅಲಾಯಿ ಕುಣಿಯ ಸುತ್ತ ರಿವಾಯತ್ ಪದ ಕೇಳುತ್ತದೆ. ಮೊನ್ನೆ ಸ್ಟುಡಿಯೊದಲ್ಲಿ ಹುಟ್ಟಿದ ಹಾಡಿಗೂ ‘ಜಾನಪದ’ ಎಂದೇ ಹೆಸರಿಟ್ಟರೆ ಮುಂದಿನ ಮಕ್ಕಳು ಇದನ್ನೇ ನಿಜವಾದ ಜಾನಪದವೆಂದು ತಿಳಿಯುತ್ತಾರೆ.

ಹಾಗಾದರೆ ಇಂಥ ಹಾಡನ್ನು ತಡೆಯುವವರಾರು? ಸೆನ್ಸಾರ್ ಮಂಡಳಿ ನೋಡುವುದು ಸಿನಿಮಾವನ್ನು, ಯೂಟ್ಯೂಬಿನ ಹಾಡನ್ನಲ್ಲ. ಮಹಿಳೆಯರನ್ನು ಅಸಭ್ಯವಾಗಿ ಬಿಂಬಿಸುವುದನ್ನು ತಡೆಯಲು 1986ರ ಕಾಯ್ದೆಯೇನೋ ಇದೆ. ಆದರೆ ಹಾಡಿನ ಹಿಂದೆ ಪೊಲೀಸರನ್ನು ಅಟ್ಟುವ ಆಸೆ ನನಗಿಲ್ಲ. ಬೀಸುವ ಪದ ಬಲ್ಲ ಅಜ್ಜಿಯರು ಆಳಂದ, ಅಫಜಲಪುರ, ಜೇವರ್ಗಿಯ ಹಳ್ಳಿಗಳಲ್ಲಿ ಇನ್ನೂ ಇದ್ದಾರೆ. ಕರ್ನಾಟಕ ಜಾನಪದ ಅಕಾಡೆಮಿ ಕ್ಯಾಮೆರಾ ಹಿಡಿದು ಅವರ ಕಟ್ಟೆಗೆ ಬರಲಿ, ಹಾಡಿಸಿ ಅದೇ ಯೂಟ್ಯೂಬಿಗೆ ಹಾಕಲಿ. ಇನ್ನು ಹಾಡು ಕಟ್ಟುವ ನಮ್ಮ ತಮ್ಮಂದಿರು ಬಿಟ್ಟುಹೋದವಳ ಬಾಯಿಂದಲೂ ಒಂದು ಹಾಡು ಕಟ್ಟಿ ನೋಡಲಿ. ಟ್ರ್ಯಾಕ್ಟರ್‌ನವರು ಅದನ್ನೂ ಹಚ್ಚುತ್ತಾರೆ.

– ನಿವೃತ್ತ ಶಿಕ್ಷಕಿ, ಜೇವರ್ಗಿ