ಹೊಂಗೆಕಡ್ಡಿಗೂ ಒಂದು ಪರೀಕ್ಷೆ ಬೇಕು

ಓಂಕಾಳಿಗೆ ಘಾಟು ಕೊಡುವುದು ಥೈಮಾಲ್. ಔಷಧಿ ಅಂಗಡಿಯಲ್ಲಿ ಸಿಗುವ ಲಿಸ್ಟರಿನ್‌ನಲ್ಲಿ ಬಾಯಿಯ ಬ್ಯಾಕ್ಟೀರಿಯಾ ಕೊಲ್ಲುವ ಅಂಶಗಳಲ್ಲಿ ಅದೂ ಒಂದು. ಜೊತೆಗೆ ನೀಲಗಿರಿಯ ಯೂಕಲಿಪ್ಟಾಲ್, ಪುದೀನದ ಮೆಂಥಾಲ್. ಲವಂಗದ ಯೂಜಿನಾಲ್ ಅನ್ನು ದಂತವೈದ್ಯರು ಹುಳುಕು ಹಲ್ಲಿಗೆ ತಾತ್ಕಾಲಿಕವಾಗಿ ತುಂಬುವ ಸಿಮೆಂಟಿನಲ್ಲಿ ಇಂದಿಗೂ ಬಳಸುತ್ತಾರೆ. ಹೀಗಿರುವಾಗ ಗಿಡಮೂಲಿಕೆಯನ್ನು ಅಜ್ಜಿಮದ್ದೆಂದು ತಳ್ಳಿಹಾಕುವುದು ಸರಿಯಲ್ಲ.

ಕಣ್ಣುಮುಚ್ಚಿ ನಂಬುವುದು ಅದಕ್ಕಿಂತ ಅಪಾಯ. ಪ್ರಯೋಗಾಲಯದ ತಟ್ಟೆಯಲ್ಲಿ ಬ್ಯಾಕ್ಟೀರಿಯಾವನ್ನು ತಡೆಯುವ ಬೇವಿನ ಸಾರ ಬಾಯೊಳಗೂ ಅಷ್ಟೇ ಕೆಲಸ ಮಾಡುತ್ತದೆ ಎನ್ನುವಂತಿಲ್ಲ. ಅಲ್ಲಿ ಸೂಕ್ಷ್ಮಾಣುಗಳು ಹಲ್ಲಿನ ಬುಡದಲ್ಲಿ ಅಂಟು ಪದರ ಕಟ್ಟಿಕೊಂಡು ಅವಿತಿರುತ್ತವೆ. ಜೊಲ್ಲಿನ ಕ್ಯಾಲ್ಸಿಯಂ ಸೇರಿ ಆ ಪದರ ಕಲ್ಲಿನಂತಾಗುತ್ತದೆ. ವಸಡು ಸಡಿಲವಾಗಿ ಸಂದು ಬಿಟ್ಟಲ್ಲಿ, ಗಾಳಿಯಾಡದ ಜಾಗದಲ್ಲಿ, ಪೋರ್ಫಿರೋಮೋನಾಸ್ ಜಿಂಜಿವಾಲಿಸ್‌ನಂಥವು ಬೆಳೆಯುತ್ತವೆ. ಕ್ರಮೇಣ ಹಲ್ಲು ಹಿಡಿದ ಮೂಳೆಯೇ ಸವೆಯುತ್ತದೆ. ಗಟ್ಟಿಯಾದ ಆ ಕಿಟ್ಟವನ್ನು ಕೆರೆದೇ ತೆಗೆಯಬೇಕು, ಕಷಾಯ ಮುಕ್ಕಳಿಸಿದರೆ ಹೋಗದು.

ಹಾಸನದಲ್ಲಿ ಈ ಮಾತಿಗೆ ಇನ್ನಷ್ಟು ತೂಕವಿದೆ. ಅರಕಲಗೂಡು ಹೊಗೆಸೊಪ್ಪು ಬೆಳೆಯುವ ತಾಲ್ಲೂಕು. ರಾಮನಾಥಪುರದಲ್ಲಿ ಅದರ ಹರಾಜು ನಡೆಯುತ್ತದೆ. ತಂಬಾಕು ವಸಡಿನ ರೋಗವನ್ನು ಹೆಚ್ಚಿಸುತ್ತದೆ. ಅದಕ್ಕಿಂತ ಕೆಟ್ಟದ್ದೆಂದರೆ, ಬೀಡಿ ಸೇದುವವರ ವಸಡಿನಿಂದ ರಕ್ತ ಬರುವುದು ಕಡಿಮೆಯಾಗಿ, ರೋಗದ ಮೊದಲ ಎಚ್ಚರಿಕೆಯೇ ಮುಚ್ಚಿಹೋಗುತ್ತದೆ. 1992ರಲ್ಲೇ ಕೇಂದ್ರ ಸರ್ಕಾರ ಹಲ್ಲುಪುಡಿ, ಪೇಸ್ಟುಗಳಲ್ಲಿ ತಂಬಾಕು ನಿಷೇಧಿಸಿತು. ಕಡ್ಡಿಪುಡಿಯೆಂಬ ತಂಬಾಕು ಮಾತ್ರ ಎಲೆಅಡಿಕೆಯ ಜೊತೆ ಬಾಯಿ ಸೇರುತ್ತಲೇ ಇದೆ.

ಹೊಂಗೆಬೀಜದಿಂದ ಇಂಧನ ತೆಗೆಯುವ ಪ್ರಯೋಗಕ್ಕೆ ಹಾಸನದ ಬಳಿ ಮಡೆನೂರಿನಲ್ಲಿ ಜೈವಿಕ ಇಂಧನ ಪಾರ್ಕ್ ಇದೆ. ಅದೇ ಮರದ ಕಡ್ಡಿಯಲ್ಲಿ ಹಲ್ಲುಜ್ಜಿದ ಜನರಿಗಾಗಿ ಒಂದು ಅಧ್ಯಯನ ಕೇಳುವುದು ಹೆಚ್ಚಾಗದು. ವಿಶ್ವ ಆರೋಗ್ಯ ಸಂಸ್ಥೆ 1986ರಲ್ಲಿ ಹಲ್ಲುಜ್ಜುವ ಮಿಸ್ವಾಕ್ ಕಡ್ಡಿಯನ್ನು ರೂಢಿಯಿರುವಲ್ಲಿ ಪ್ರೋತ್ಸಾಹಿಸಿತ್ತು; ಬೇವು, ಹೊಂಗೆಗೂ ಅಂಥ ಗಮನ ಸಲ್ಲಬೇಕು.

ಹಾಸನ ನಗರದಲ್ಲೇ ಹಾಸನಾಂಬ ದಂತ ಕಾಲೇಜೂ ಇದೆ, ಧರ್ಮಸ್ಥಳ ಮಂಜುನಾಥೇಶ್ವರ ಆಯುರ್ವೇದ ಕಾಲೇಜೂ ಇದೆ. ಎರಡೂ ಕೈಜೋಡಿಸಿ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದಲ್ಲಿ ಶಿಬಿರ ನಡೆಸಿ, ಒಪ್ಪಿದವರ ಹಲ್ಲನ್ನು ಮೊದಲು ಶುಚಿಗೊಳಿಸಲಿ. ಬಳಿಕ ಕೆಲವರಿಗೆ ಬೇವು-ಲವಂಗದ ಮುಕ್ಕುಳಿ, ಕೆಲವರಿಗೆ ಹಲ್ಲಿಗೆ ಕಲೆ ಹಿಡಿಸುವ, ಆದರೆ ಪರಿಣಾಮ ಖಚಿತವಿರುವ ಕ್ಲೋರ್‌ಹೆಕ್ಸಿಡಿನ್ ಕೊಟ್ಟು ಹೋಲಿಸಲಿ. ಬರೀ ಕಡ್ಡಿ, ಬರೀ ಬ್ರಷ್ ಬಳಸುವವರನ್ನೂ ನೋಡಲಿ. ಫಲಿತಾಂಶ ಕನ್ನಡದಲ್ಲೇ ಪ್ರಕಟವಾಗಲಿ.

ಅಲ್ಲಿಯವರೆಗೆ ಉಜ್ಜುವಾಗ ರಕ್ತ ಕಂಡವರು, ಅದರಲ್ಲೂ ಸಕ್ಕರೆ ಕಾಯಿಲೆಯವರು, ಲವಂಗ ಜಗಿಯುತ್ತಾ ಕಾಯದೆ ದಂತವೈದ್ಯರ ಬಳಿ ಹೋಗಬೇಕು.