ಅಪ್ಪನಿಗೂ ಮಗನಿಗೂ ಸೊನ್ನೆ ವಯಸ್ಸು!

ಎಂಟನೆಯ ತರಗತಿಯ ಹುಡುಗನೊಬ್ಬ ಮೊನ್ನೆ ಸಂಜೆ ಲೆಕ್ಕದ ನೋಟ್‌ಬುಕ್ ಹಿಡಿದು ನಮ್ಮ ಮನೆಗೆ ಬಂದ. “ಸಾರ್, ನನಗೆ ಉತ್ತರ ಸೊನ್ನೆ ಬಂತು. ಪುಸ್ತಕದ ಹಿಂದೆ 12 ಅಂತಿದೆ. ಅಳಿಸಿ 12 ಬರಿ ಅಂತಾರೆ ಅಪ್ಪ” ಎಂದ. ಲೆಕ್ಕ ಹೀಗಿತ್ತು:

‘ತಂದೆಯ ವಯಸ್ಸು ಮಗನ ವಯಸ್ಸಿನ ಮೂರರಷ್ಟಿದೆ. 12 ವರ್ಷಗಳ ನಂತರ ಅದು ಮಗನ ಆಗಿನ ವಯಸ್ಸಿನ ಎರಡರಷ್ಟಾಗುತ್ತದೆ. ಅವರ ಈಗಿನ ವಯಸ್ಸೆಷ್ಟು?’

“ಮಗನಿಗೆ ಸೊನ್ನೆ ವಯಸ್ಸಾದರೆ ತಂದೆಗೆ ಎಷ್ಟು?” ಎಂದು ಕೇಳಿದೆ. ಒಂದು ಕ್ಷಣ ಯೋಚಿಸಿ ಹುಡುಗ ನಕ್ಕುಬಿಟ್ಟ. “ಅಪ್ಪನೂ ಇವತ್ತೇ ಹುಟ್ಟಿದ ಹಾಗಾಯ್ತು ಸಾರ್!”

ತಪ್ಪಾಗಿದೆ ಎಂಬುದು ಈಗ ಅವನಿಗೇ ತಿಳಿಯಿತು. ಎಲ್ಲಿ ಎಂದು ಹುಡುಕುವುದಷ್ಟೇ ಬಾಕಿ. ಮಕ್ಕಳೇ, ನೀವೂ ಜೊತೆಗೆ ಬನ್ನಿ.

ಮಗನ ಈಗಿನ ವಯಸ್ಸನ್ನು ‘ಮ’ ಎನ್ನೋಣ. ಗೊತ್ತಿಲ್ಲದ ಸಂಖ್ಯೆಗೆ ಯಾವ ಅಕ್ಷರವಾದರೂ ಸರಿ. 12ನೆಯ ಶತಮಾನದ ಭಾಸ್ಕರಾಚಾರ್ಯರು ಬಳಸಿದ್ದು ‘ಯಾ’. ಅದು ‘ಯಾವತ್ ತಾವತ್’ ಎಂಬುದರ ಮೊದಲಕ್ಷರ. ಮಗ ‘ಮ’ ಆದರೆ ತಂದೆ 3ಮ. 12 ವರ್ಷಗಳ ನಂತರ ಮಗ ಮ + 12, ತಂದೆ 3ಮ + 12. ಆದ್ದರಿಂದ,

3ಮ + 12 = 2(ಮ + 12)

ಇಲ್ಲಿಯವರೆಗೆ ಹುಡುಗ ಸರಿಯಾಗಿಯೇ ಬರೆದಿದ್ದ. ಮುಂದಿನ ಸಾಲಿನಲ್ಲಿ ಬಲಭಾಗವನ್ನು 2ಮ + 12 ಎಂದು ಬಿಡಿಸಿದ್ದ. ಬಹಳ ಮಕ್ಕಳು ಎಡವುವ ಜಾಗ ಇದು. ಒಂದು ತಾಂಬೂಲಕ್ಕೆ ಒಂದು ತೆಂಗಿನಕಾಯಿ, 12 ವೀಳ್ಯದೆಲೆ ಇಡುತ್ತೀರಿ ಎನ್ನಿ. ಎರಡು ತಾಂಬೂಲಕ್ಕೆ ಕಾಯಿ ಮಾತ್ರ ಎರಡಾಗಿ ಎಲೆ 12 ಆಗಿಯೇ ಉಳಿದೀತೇ? ಆವರಣದ ಹೊರಗಿನ 2 ಒಳಗಿನ ಎರಡು ಪದಗಳನ್ನೂ ಗುಣಿಸಬೇಕು:

3ಮ + 12 = 2ಮ + 24

ಈಗ ಸಮೀಕರಣವನ್ನು ತಕ್ಕಡಿ ಎಂದುಕೊಳ್ಳಿ. ಎರಡೂ ತಟ್ಟೆಗಳಿಂದ 2ಮ ತೆಗೆದರೆ ಮ + 12 = 24. ಎರಡೂ ತಟ್ಟೆಗಳಿಂದ 12 ತೆಗೆದರೆ ಮ = 12. ‘ಆ ಕಡೆಗೆ ಹೋದರೆ ಕೂಡುವ ಗುರುತು ಕಳೆಯುವ ಗುರುತಾಗುತ್ತದೆ’ ಎಂದು ಬಾಯಿಪಾಠ ಮಾಡುತ್ತೀರಲ್ಲ, ಅದರ ಗುಟ್ಟು ಇಷ್ಟೇ.

ಇನ್ನು ತಾಳೆ. ಈಗ ಮಗನಿಗೆ 12, ತಂದೆಗೆ 36: ಮೂರರಷ್ಟು. 12 ವರ್ಷಗಳ ನಂತರ 24 ಮತ್ತು 48: ಎರಡರಷ್ಟು. ಒಂದು ಎಚ್ಚರಿಕೆ: ತಾಳೆಯನ್ನು ನೀವು ಬರೆದ ಸಮೀಕರಣದಲ್ಲಲ್ಲ, ಲೆಕ್ಕದ ಮಾತುಗಳಲ್ಲೇ ನೋಡಿ. ಸಮೀಕರಣವೇ ತಪ್ಪಾಗಿದ್ದರೆ ಅದು ತನ್ನ ತಪ್ಪನ್ನು ತಾನು ಹೇಳುವುದಿಲ್ಲ.

ಪೋಷಕರಿಗೆ ಒಂದು ಮಾತು. ‘ನಮಗೆ ಬೀಜಗಣಿತ ಮರೆತುಹೋಗಿದೆ’ ಎಂದು ಹಿಂಜರಿಯಬೇಡಿ. ಅಂಕಗಣಿತ ಸಾಕು. ಮಗನದು 1 ಪಾಲು, ತಂದೆಯದು 3 ಪಾಲು. ಅಂತರ 2 ಪಾಲು. ಎಷ್ಟು ವರ್ಷ ಕಳೆದರೂ ಈ ಅಂತರ ಬದಲಾಗದು. ತಂದೆ ಮಗನ ಎರಡರಷ್ಟಾದ ದಿನ, ಆ ಅಂತರವೇ ಮಗನ ವಯಸ್ಸು. ಅಂದರೆ 1 ಪಾಲಿದ್ದ ಮಗ 2 ಪಾಲಾದ. ಹೆಚ್ಚಿದ 1 ಪಾಲೇ 12 ವರ್ಷ. ಎರಡು ದಾರಿಯಲ್ಲೂ ಒಂದೇ ಊರು ಸೇರಿದೆವು.

ಅದೂ ಆಗದಿದ್ದರೆ ಪಕ್ಕದಲ್ಲಿ ಕುಳಿತು “ತಾಳೆ ನೋಡಿದೆಯಾ?” ಎಂದು ಕೇಳಿ. ಉತ್ತರವನ್ನು ಮಾತ್ರ ಹೇಳಿಕೊಡಬೇಡಿ. ಅಳಿಸಿ 12 ಬರೆದ ಹುಡುಗನಿಗೆ ಆ ದಿನದ ಮನೆಗೆಲಸ ಮುಗಿಯುತ್ತದೆ, ಆವರಣ ಬಿಡಿಸುವ ತಪ್ಪು ಹಾಗೆಯೇ ಉಳಿಯುತ್ತದೆ. ಸರಿಯೋ ತಪ್ಪೋ ಎಂದು ಪ್ರತಿಸಲ ನಿಮ್ಮ ಮುಖ ನೋಡುವ ಮಗು, ಪರೀಕ್ಷೆಯ ಕೊಠಡಿಯಲ್ಲಿ ಯಾರ ಮುಖ ನೋಡಬೇಕು?

ಈ ವಾರದ ಲೆಕ್ಕ: ತಾಯಿಯ ವಯಸ್ಸು ಮಗಳ ವಯಸ್ಸಿನ ನಾಲ್ಕರಷ್ಟಿದೆ. 5 ವರ್ಷಗಳ ನಂತರ ಅದು ಮಗಳ ಆಗಿನ ವಯಸ್ಸಿನ ಮೂರರಷ್ಟಾಗುತ್ತದೆ. ಇಬ್ಬರ ಈಗಿನ ವಯಸ್ಸೆಷ್ಟು? ಎರಡೂ ದಾರಿಯಲ್ಲಿ ಮಾಡಿ. ಮುಂದಿನ ವಾರ ಉತ್ತರ ಕೊಡುವುದಿಲ್ಲ. ತಾಳೆ ನೋಡಿದವರಿಗೆ ಅದು ಬೇಕಾಗುವುದೂ ಇಲ್ಲ.