ಬೆರೆ ಟೋಪಿ ವಾಪಸ್ ಕಳಿಸಿ

ಪುಣೆಯಲ್ಲಿರುವ ನನ್ನ ತಂಗಿಯ ಮಗಳು ಮೇ ತಿಂಗಳಲ್ಲಿ ಒಂದು ಫೋಟೊ ಕಳಿಸಿದಳು. ಹಿಂದೆಯೇ ಫೋನು. "ದೊಡ್ಡಮ್ಮ, ನೀವು ಯಾವಾಗಲೂ ಹೇಳ್ತಿರ್ತೀರಲ್ಲ, ಆ ಬೀಟ್ ಕವಿಗಳ ಜೊತೆಗಿದ್ದ ಹುಡುಗಿಯರು, ಅವರ ಡ್ರೆಸ್ ಸಿಕ್ತು. ಅಸಲಿ!" ಆಫೀಸಿನಲ್ಲಿ ಐವತ್ತರ ದಶಕದ ವೇಷದ ಪಾರ್ಟಿಯಂತೆ. ಫೋಟೊದಲ್ಲಿದ್ದದ್ದು ಕತ್ತು ಮುಚ್ಚುವ ಕಪ್ಪು ಪಾಲಿಯೆಸ್ಟರ್ ಟಾಪು, ಕಪ್ಪು ಲೆಗ್ಗಿಂಗ್ಸ್, ಕಪ್ಪು ಬೆರೆ ಟೋಪಿ, ಕಪ್ಪು ಕನ್ನಡಕ, ಪ್ಲಾಸ್ಟಿಕ್ಕಿನ ಉದ್ದನೆಯ ಸಿಗರೇಟು ಕೊಳವೆ. ಪೊಟ್ಟಣದ ಮೇಲೂ ಅದೇ ಮಾತು: ಅಸಲಿ 1950ರ ದಶಕದ ಬೀಟ್ನಿಕ್ ಹುಡುಗಿ. ಪುಣೆಯ ಆ ಬಿಸಿಲಲ್ಲಿ ಅದನ್ನು ತೊಟ್ಟರೆ ಕವಿತೆಗಿಂತ ಮೊದಲು ಬೆವರುಸಾಲೆ ಬರುತ್ತದೆ, ಅದಿರಲಿ. ನನ್ನ ಜಗಳವಿರುವುದು "ಅಸಲಿ" ಎಂಬ ಪದದ ಜೊತೆ.

ಹೆಸರಿನಿಂದಲೇ ಶುರು ಮಾಡೋಣ. "ಬೀಟ್ನಿಕ್" ಎಂಬ ಪದ ಹುಟ್ಟಿದ್ದು 1958ರ ಏಪ್ರಿಲ್ 2ರಂದು, ಸ್ಯಾನ್ ಫ್ರಾನ್ಸಿಸ್ಕೊ ಕ್ರಾನಿಕಲ್ ಪತ್ರಿಕೆಯ ಅಂಕಣಕಾರ ಹರ್ಬ್ ಕೇನ್ ಅವರ ಅಂಕಣದಲ್ಲಿ. ಅದಕ್ಕೆ ಆರು ತಿಂಗಳ ಹಿಂದಷ್ಟೇ ರಷ್ಯಾದ ಸ್ಪುಟ್ನಿಕ್ ಆಕಾಶಕ್ಕೆ ಹಾರಿತ್ತು. ಅದರ ಬಾಲವನ್ನು ಕಿತ್ತು "ಬೀಟ್"ಗೆ ಅಂಟಿಸಿದರು, ಗೇಲಿಗಾಗಿ. ಅಂದರೆ "ಐವತ್ತರ ದಶಕದ ಬೀಟ್ನಿಕ್" ಎಂಬ ಪ್ರಾಣಿಯ ಆಯಸ್ಸು ಹೆಚ್ಚೆಂದರೆ ಇಪ್ಪತ್ತೊಂದು ತಿಂಗಳು! ಆದರೆ ನ್ಯೂಯಾರ್ಕಿನ ಗ್ರೀನಿಚ್ ವಿಲೇಜಿನ ಹುಡುಗಿಯರು ಕಪ್ಪು ಟೈಟ್ಸ್ ತೊಟ್ಟು ಓಡಾಡಲು ಶುರು ಮಾಡಿ ಆಗಲೇ ವರ್ಷಗಳಾಗಿದ್ದವು. ಬಟ್ಟೆ ಅವರದು. ಹೆಸರು ಅವರನ್ನು ನೋಡಿ ನಕ್ಕವರದು.

ನಕ್ಕವರು ಅಷ್ಟಕ್ಕೇ ಬಿಡಲಿಲ್ಲ. 1959ರ ನವೆಂಬರ್ 30ರ ಲೈಫ್ ಪತ್ರಿಕೆ ಬೀಟ್ ಜನರ ಮೇಲೆ ಉದ್ದನೆಯ ಲೇಖನವನ್ನು ಛಾಪಿಸಿತು. ಅದರ ಜೊತೆ ಒಂದು ಫೋಟೊ. ನಿಜವಾದ ಮನೆಯದ್ದಲ್ಲ, ಸ್ಟುಡಿಯೊದಲ್ಲಿ ಕಟ್ಟಿ ನಿಲ್ಲಿಸಿದ "ಬೀಟ್ ಮನೆ". ಅದರಲ್ಲಿರುವ ಸಾಮಾನುಗಳ ಪಟ್ಟಿಯನ್ನೂ ಕೊಟ್ಟಿದ್ದರು. ಆ ಪಟ್ಟಿಯಲ್ಲಿ ಕಾಫಿ ಬಿಸಿ ಮಾಡುವ ಒಲೆಯ ಸಾಲಿನಲ್ಲೇ ಕಪ್ಪು ಬಟ್ಟೆಯ ಹುಡುಗಿಯೂ ಒಂದು ಐಟಂ. ಮಾರನೆಯ ತಿಂಗಳೇ ಛಾಯಾಗ್ರಾಹಕ ಫ್ರೆಡ್ ಮೆಕ್‌ಡರಾ ವಿಲೇಜ್ ವಾಯ್ಸ್ ಪತ್ರಿಕೆಯಲ್ಲಿ "ಬೀಟ್ನಿಕ್ ಬಾಡಿಗೆಗೆ ಸಿಗುತ್ತದೆ" ಎಂದು ಜಾಹೀರಾತು ಹಾಕಿದರು. ಅರ್ಧ ತಮಾಷೆಗೆ ಹಾಕಿದ್ದು, ಆದರೆ ಗಿರಾಕಿಗಳು ನಿಜವಾಗಿಯೂ ಬಂದರು. ಉಳ್ಳವರ ಪಾರ್ಟಿಗಳಿಗೆ ಕವಿಗಳು ಬಾಡಿಗೆಗೆ ಹೋದರು. ನನ್ನ ತಂಗಿಯ ಮಗಳ ಪೊಟ್ಟಣ ಈ ವಂಶದ ಕೂಸು. ವಿಲೇಜಿನ ಹುಡುಗಿಯರ ಕಪಾಟಿನಿಂದ ಬಂದದ್ದಲ್ಲ.

ಬೆರೆ ಟೋಪಿಯದಂತೂ ಇನ್ನೊಂದು ಕಳವು. ನಲವತ್ತರ ದಶಕದಲ್ಲಿ ಬೆರೆ, ದಪ್ಪ ಅಂಚಿನ ಕನ್ನಡಕ, ಗಲ್ಲದ ತುದಿಯ ಗಡ್ಡ, ಇವೆಲ್ಲ ಡಿಜ್ಜಿ ಗಿಲೆಸ್ಪಿಯ ಗುರುತುಗಳಾಗಿದ್ದವು. ಕಪ್ಪು ಜಾಝ್ ಸಂಗೀತಗಾರರ ವೇಷವನ್ನು ಬಿಳಿ ಹುಡುಗರು ಎತ್ತಿಕೊಂಡರು, ವ್ಯಂಗ್ಯಚಿತ್ರಕಾರರು ಅದನ್ನು ಬಿಳಿ ಹುಡುಗರಿಂದ ಎತ್ತಿಕೊಂಡರು, ಕೊನೆಗೆ ಅದು ಒಬ್ಬ ಹುಡುಗಿಯ ತಲೆಯ ಮೇಲೆ ಕೂತಿತು.

ಹಾಗಾದರೆ ಅವರು ತೊಟ್ಟದ್ದೇನು? ನನಗೆ ಪ್ರೀತಿಯ ವಿಷಯ ಇದು, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ತಾಳಿಕೊಳ್ಳಿ.

ಟೈಟ್ಸ್ ನೋಡಿ. ಆ ಕಾಲದ ಅಮೆರಿಕದ "ಮರ್ಯಾದಸ್ಥ" ಹುಡುಗಿ ನೈಲಾನ್ ಸ್ಟಾಕಿಂಗ್ಸ್ ಹಾಕಬೇಕು. ಅದು ಜಾರದಂತೆ ಗಾರ್ಟರ್ ಕೊಂಡಿಗಳು ಬೇಕು, ಕೊಂಡಿಗಳನ್ನು ಹಿಡಿಯಲು ಹೊಟ್ಟೆ ಸೊಂಟ ಬಿಗಿಯುವ ಗರ್ಡಲ್ ಬೇಕು. ಕಡ್ಡಿಯಂತಿದ್ದ ಹದಿನೆಂಟರ ಹುಡುಗಿಯರೂ ಗರ್ಡಲ್ ತೊಡುತ್ತಿದ್ದರು. ಕೊಂಡಿಯಿಲ್ಲದ ಪ್ಯಾಂಟಿಹೋಸ್ ಮಾರುಕಟ್ಟೆಗೆ ಬಂದದ್ದೇ 1959ರಲ್ಲಿ. ಅಷ್ಟರವರೆಗೆ ಇದರಿಂದ ಪಾರಾಗಬೇಕಾದರೆ ನೃತ್ಯ ಕಲಿಯುವವರಿಗೆ ಸಾಮಾನು ಮಾರುವ ಅಂಗಡಿಗೆ ಹೋಗಿ ಕಪ್ಪು ಟೈಟ್ಸ್ ಕೊಳ್ಳಬೇಕಿತ್ತು. ಗಟ್ಟಿ, ಬೆಚ್ಚಗೆ, ಕೊಳೆ ಕಾಣದು, ಬಾಗಿದರೆ ಎದ್ದರೆ ಏನೂ ಕಿತ್ತುಹೋಗದು. ಬಾಡಿಗೆ ಕಮ್ಮಿಯಿದ್ದ ಲೋವರ್ ಈಸ್ಟ್ ಸೈಡಿನ ಹಳೆಯ ವಠಾರಗಳಲ್ಲಿ ಸ್ನಾನದ ತೊಟ್ಟಿ ಅಡುಗೆಮನೆಯಲ್ಲಿರುತ್ತಿತ್ತು, ಎಷ್ಟೋ ಮನೆಗಳಿಗೆ ಬಿಸಿನೀರೂ ಇಲ್ಲ, ಚಳಿ ಕಾಯಿಸುವ ವ್ಯವಸ್ಥೆಯೂ ಇಲ್ಲ. ಅಂಥ ಕಡೆ ಕಪ್ಪು ಉಣ್ಣೆಯ ಸ್ವೆಟರ್ ತೊಟ್ಟವಳನ್ನು ನೋಡಿ "ಶೋಕತಾತ್ವಿಕಳು" ಎಂದವರು ಅವಳ ಮನೆಯಲ್ಲಿ ಜನವರಿ ಕಳೆದವರಲ್ಲ.

ಕಪ್ಪಿಗೆ ಎಲ್ಲ ಕಡೆ ಒಂದೇ ಅರ್ಥವಿರುವುದಿಲ್ಲ. ಇದನ್ನು ಪುಣೆ, ಮುಂಬಯಿಯ ಓದುಗರಿಗೆ ಹೇಳಬೇಕಾಗಿಲ್ಲ. ನಮ್ಮ ಮನೆಯಲ್ಲಿ ಹಬ್ಬಕ್ಕೆ ಕಪ್ಪುಟ್ಟರೆ ಅಜ್ಜಿ ಮುಖ ತಿರುಗಿಸುತ್ತಿದ್ದರು. ಪಕ್ಕದ ಮರಾಠಿ ಮನೆಯಲ್ಲಿ ಸಂಕ್ರಾಂತಿಗೆ ಕಪ್ಪು ಸೀರೆಯೇ ಆಗಬೇಕು.

ಚಪ್ಪಟೆ ಬೂಟಿನ ಕಥೆಯೂ ಹೀಗೆಯೇ. ಯುದ್ಧಕಾಲದಲ್ಲಿ ಅಮೆರಿಕದಲ್ಲಿ ಚರ್ಮದ ಪಾದರಕ್ಷೆಗೆ ರೇಷನ್ ಬಂದಾಗ ಬ್ಯಾಲೆ ಶೂಗಳಿಗೆ ವಿನಾಯಿತಿಯಿತ್ತು. ವಿನ್ಯಾಸಕಿ ಕ್ಲೇರ್ ಮೆಕಾರ್ಡೆಲ್ ನೃತ್ಯದ ಶೂ ಮಾಡುವ ಕಪೀಜಿಯೊ ಕಂಪನಿಯಿಂದ ಬೀದಿಯಲ್ಲಿ ತೊಡುವಂಥವನ್ನು ಮಾಡಿಸಿದರು. ವಿಲೇಜಿನ ವೆಸ್ಟ್ ಫೋರ್ತ್ ಸ್ಟ್ರೀಟಿನಲ್ಲಿ ಅಲನ್ ಬ್ಲಾಕ್ ಎಂಬವರು ಕೈಯಾರೆ ಚರ್ಮದ ಚಪ್ಪಲಿ ಹೊಲಿಯುತ್ತಿದ್ದರು. ಅದೇ ಬೀದಿಯಲ್ಲಿ ಆರ್ಟ್ ಸ್ಮಿತ್ ಎಂಬ ಕಪ್ಪು ಕಲಾವಿದ ತಾಮ್ರ, ಹಿತ್ತಾಳೆ, ಬೆಳ್ಳಿಯಲ್ಲಿ ಒಡವೆ ಮಾಡುತ್ತಿದ್ದರು. ಬ್ರೂಕ್ಲಿನ್ ಮ್ಯೂಸಿಯಮ್ಮಿನಲ್ಲಿ ಅವು ಇವತ್ತಿಗೂ ಇವೆ.

ಇನ್ನು ಪ್ಯಾರಿಸ್. ಈ ಕಪ್ಪು ಶೈಲಿಯ ಮೂಲ ಯಾರೆಂದು ಕೇಳಿದರೆ ಫ್ಯಾಷನ್ನಿನವರು ಗಾಯಕಿ ಜೂಲಿಯೆಟ್ ಗ್ರೆಕೊ ಅವರ ಹೆಸರು ಹೇಳುತ್ತಾರೆ. ಆದರೆ ಆ ಬಟ್ಟೆ ಅವರ ಮೈಮೇಲೆ ಬಂದದ್ದು ಹೇಗೆ ಎಂದು ಹೇಳುವುದಿಲ್ಲ. 1943ರಲ್ಲಿ, ಹದಿನಾರರ ಹುಡುಗಿಯಾಗಿದ್ದಾಗ, ಗೆಸ್ಟಾಪೊ ಅವರನ್ನು ಹಿಡಿದು ಫ್ರೆನ್ ಜೈಲಿಗೆ ಹಾಕಿತು. ತಾಯಿಯನ್ನೂ ಅಕ್ಕನನ್ನೂ ರಾವೆನ್ಸ್‌ಬ್ರುಕ್ ಸೆರೆಶಿಬಿರಕ್ಕೆ ಸಾಗಿಸಿದರು. ಬಿಡುಗಡೆಯಾಗಿ ಹೊರಬಂದಾಗ ಮೈಮೇಲಿದ್ದ ಹತ್ತಿಯ ಫ್ರಾಕು, ಕಾಲಲ್ಲಿದ್ದ ನಾರಿನ ಚಪ್ಪಲಿ ಬಿಟ್ಟರೆ ಏನೂ ಇರಲಿಲ್ಲ. ಪರಿಚಯದ ಗಂಡಸರು ಕೊಟ್ಟ ದೊಗಲೆ ಸ್ವೆಟರುಗಳನ್ನೂ ಪ್ಯಾಂಟುಗಳನ್ನೂ ತೋಳು, ಕಾಲು ಮಡಚಿ ಹಾಕಿಕೊಂಡರು. "ಗ್ರೆಕೊ ಲುಕ್" ಎಂದು ಮಾರುವುದು ಇದನ್ನೇ.

ಆಮೇಲಿನದು ನಿಮಗೆ ಗೊತ್ತು. 1957ರ ಫನ್ನಿ ಫೇಸ್ ಚಿತ್ರದಲ್ಲಿ ಆಡ್ರಿ ಹೆಪ್‌ಬರ್ನ್ ಕಪ್ಪು ಸ್ವೆಟರ್, ಕಪ್ಪು ಪ್ಯಾಂಟ್ ತೊಟ್ಟು ಪ್ಯಾರಿಸಿನ ನೆಲಮಾಳಿಗೆಯಲ್ಲಿ ಕುಣಿದರು. ಚೆನ್ನಾಗಿಯೇ ಕುಣಿದರು, ಸುಳ್ಳೇಕೆ ಹೇಳಲಿ. 1960ರಲ್ಲಿ ಈವ್ ಸಾಂ ಲೊರಾಂ ಡಿಯೋರ್ ಸಂಸ್ಥೆಗಾಗಿ ಬೀಟ್ ಶೈಲಿಯ ಸಂಗ್ರಹವನ್ನೇ ಮಾಡಿದರು. ಅದರಲ್ಲೊಂದು ಮೊಸಳೆ ಚರ್ಮದ ಜಾಕೆಟ್ಟು, ಅಂಚಿಗೆ ಮಿಂಕ್ ತುಪ್ಪಳ. ಅಡುಗೆಮನೆಯ ತೊಟ್ಟಿಯಲ್ಲಿ ಮೀಯುವವಳ ಉಡುಪು ಮೂರೇ ವರ್ಷಗಳಲ್ಲಿ ಮಿಂಕಿನ ತನಕ ಹೋಯಿತು.

"ಬಟ್ಟೆ ತಾನೇ, ಬಿಡಿ" ಎನ್ನುವವರಿಗೆ ಒಂದು ವಿಷಯ. 1960ರಲ್ಲಿ ನ್ಯೂಯಾರ್ಕಿನ ಬಾರ್ನರ್ಡ್ ಮಹಿಳಾ ಕಾಲೇಜಿನಲ್ಲಿ ಹುಡುಗಿಯರು ಪ್ಯಾಂಟ್, ಬರ್ಮುಡಾ ಚಡ್ಡಿ ಹಾಕುವುದನ್ನು ನಿಷೇಧಿಸಲು ಹೊರಟರು. ಹುಡುಗಿಯರು ಪ್ರತಿಭಟಿಸಿದರು. ಕೊನೆಗೆ ಆದ ರಾಜಿ ಏನು ಗೊತ್ತೆ? ರಸ್ತೆ ದಾಟಿ ಎದುರಿನ ಕೊಲಂಬಿಯಾ ಕ್ಯಾಂಪಸ್ಸಿಗೆ ಹೋಗುವಾಗ ಮೇಲೊಂದು ಉದ್ದ ಕೋಟು ಹಾಕಿಕೊಳ್ಳತಕ್ಕದ್ದು. ಜಾಯ್ಸ್ ಗ್ಲಾಸ್‌ಮನ್, ಎಲೀಸ್ ಕೋವನ್ ಓದಿದ್ದು ಇದೇ ಕಾಲೇಜಿನಲ್ಲಿ, ಕೆಲವೇ ವರ್ಷ ಹಿಂದೆ. ಮದುವೆಯಾಗದೆ ಅಪ್ಪನ ಮನೆ ಬಿಟ್ಟು ಬಾಡಿಗೆ ಕೋಣೆ ಹಿಡಿಯುವುದೇ ದೊಡ್ಡ ಹಗರಣವಾಗಿದ್ದ ಕಾಲ ಅದು.

ಮತ್ತು ಆ ಬಾಡಿಗೆ ಕಟ್ಟುತ್ತಿದ್ದವರು ಅವರೇ. 1957ರ ಜನವರಿಯಲ್ಲಿ ಜ್ಯಾಕ್ ಕೆರುವಾಕ್ ಮೊದಲ ಸಲ ಜಾಯ್ಸ್ ಅವರನ್ನು ಭೇಟಿಯಾದಾಗ ಜೇಬು ಖಾಲಿ. ಊಟ ಕೊಡಿಸಿದವರು ಜಾಯ್ಸ್, ಇಪ್ಪತ್ತೊಂದರ ಹುಡುಗಿ, ಸೆಕ್ರೆಟರಿ ಸಂಬಳದಲ್ಲಿ. ಹೆಟ್ಟಿ ಜೋನ್ಸ್ ಪಾರ್ಟಿಸನ್ ರಿವ್ಯೂನಲ್ಲಿ ನೌಕರಿ ಮಾಡುತ್ತ ಗಂಡನ ಜೊತೆ ಯುಗೆನ್ ಪತ್ರಿಕೆಯನ್ನು ಮನೆಯಲ್ಲೇ ಕೂತು ಹೊರತಂದರು. ಗಿನ್ಸ್‌ಬರ್ಗ್ ಅವರ ಕ್ಯಾಡಿಶ್ ದೀರ್ಘ ಕವಿತೆಯನ್ನು ಟೈಪ್ ಮಾಡಿಕೊಟ್ಟವರು ಎಲೀಸ್ ಕೋವನ್. ಅವರೂ ಕವಿಯೇ. 1962ರಲ್ಲಿ ಇಪ್ಪತ್ತೆಂಟನೆಯ ವಯಸ್ಸಿನಲ್ಲಿ ತೀರಿಕೊಂಡರು. ಅವರ ನೋಟುಬುಕ್ಕುಗಳನ್ನು ತಂದೆತಾಯಿಯ ಕಡೆಯವರು ಸುಟ್ಟರು. ಒಬ್ಬ ಗೆಳೆಯನ ಬಳಿ ಉಳಿದಿದ್ದ ಕೆಲವು ಕವಿತೆಗಳು ಪುಸ್ತಕವಾಗಲು 2014 ಬರಬೇಕಾಯಿತು.

ಈಗ ಒಂದು ಫೋಟೊ ನೋಡಿ, ನನ್ನ ಸಿಟ್ಟಿನ ಮೂಲ ಅದು. 1957ರಲ್ಲಿ ಜೆರ್ರಿ ಯುಲ್ಸ್‌ಮನ್ ತೆಗೆದದ್ದು. ವಿಲೇಜಿನ ಒಂದು ಬಾರಿನ ಹೊರಗೆ, ನಿಯಾನ್ ದೀಪದ ಕೆಳಗೆ ಕೆರುವಾಕ್ ನಿಂತಿದ್ದಾರೆ. ಹಿಂದೆ, ನೆರಳಿನಲ್ಲಿ, ಜಾಯ್ಸ್. 1993ರಲ್ಲಿ ಗ್ಯಾಪ್ ಕಂಪನಿ ಖಾಕಿ ಪ್ಯಾಂಟ್ ಮಾರಲು ಇದೇ ಚಿತ್ರವನ್ನು ಬಳಸಿತು. ಜಾಹೀರಾತಿನಲ್ಲಿ ಕೆರುವಾಕ್ ಇದ್ದಾರೆ, ಜಾಯ್ಸ್ ಇಲ್ಲ. ಅಳಿಸಿಬಿಟ್ಟಿದ್ದಾರೆ. ಹದಿಮೂರು ವರ್ಷಗಳ ನಂತರ ಅದೇ ಕಂಪನಿ ಹೆಂಗಸರ ಕಪ್ಪು ಪ್ಯಾಂಟ್ ಮಾರಲು ಹೆಪ್‌ಬರ್ನ್ ಅವರ ಕುಣಿತವನ್ನು ತಂದಿತು. ಸಂಬಳದಲ್ಲಿ ಬದುಕಿದ ನಿಜದ ಹುಡುಗಿ ಬಟ್ಟೆಯ ಜಾಹೀರಾತಿಗೆ ಬೇಡವಾದಳು, ಸಿನಿಮಾದ ಹುಡುಗಿ ಬೇಕಾದಳು. ಜಾಯ್ಸ್ ಆ ದಿನಗಳ ಬಗ್ಗೆ 1983ರಲ್ಲೇ ಪುಸ್ತಕ ಬರೆದು ಪ್ರಶಸ್ತಿ ಪಡೆದಿದ್ದರು. ಅದರ ಹೆಸರು ಮೈನರ್ ಕ್ಯಾರೆಕ್ಟರ್ಸ್. ಜಾಹೀರಾತಿನವರು ಆ ಹೆಸರನ್ನು ಅಕ್ಷರಶಃ ತೆಗೆದುಕೊಂಡರೋ ಏನೋ.

ವೇಷ ಹಾಕಬೇಡಿ ಎಂದು ನಾನು ಹೇಳುತ್ತಿಲ್ಲ. ಹಾಕಿ, ಕುಣಿಯಿರಿ. ಆದರೆ ಲೈಫ್ ಪತ್ರಿಕೆಯ ಸಾಮಾನು ಪಟ್ಟಿಯನ್ನು ಅಸಲಿ ಎಂದು ಮಾರಬೇಡಿ. ಇನ್ನೊಂದು ಪಂಗಡವಿದೆ, ಅವರೊಡನೆಯೂ ನನ್ನ ತಕರಾರಿದೆ: ಐವತ್ತರ ದಶಕದಲ್ಲೇ ಹೊಲಿದದ್ದಾಗಬೇಕು, ಲೇಬಲ್ ಸಮೇತ ಇರಬೇಕು ಎಂದು ಹರಾಜಿನಲ್ಲಿ ಸಾವಿರಾರು ರೂಪಾಯಿ ಸುರಿಯುವ ಶುದ್ಧ ವಿಂಟೇಜ್ ಭಕ್ತರು. ಅವರ ಬಟ್ಟೆ ಅಸಲಿ, ಒಪ್ಪೋಣ. ಆದರೆ ಆ ದುಡ್ಡಿಗೆ ಹೆಟ್ಟಿ ಜೋನ್ಸ್ ಎಷ್ಟು ತಿಂಗಳ ಬಾಡಿಗೆ ಕಟ್ಟುತ್ತಿದ್ದರೋ!

ಇಷ್ಟನ್ನೂ ಫೋನಿನಲ್ಲಿ ಹೇಳಿದೆ. "ಹಾಗಾದ್ರೆ ನಾನೇನು ಹಾಕ್ಕೊಳ್ಳಲಿ, ಅದನ್ನ ಹೇಳಿ ದೊಡ್ಡಮ್ಮ" ಎಂದಳು. ಅವಳ ಬಳಿ ಜಾಝ್ ಡಾನ್ಸ್ ಕ್ಲಾಸಿಗೆ ಕೊಂಡ ಟೈಟ್ಸ್ ಇತ್ತು. ಅಪ್ಪನ ಹಳೆಯ ಕಡುನೀಲಿ ಸ್ವೆಟರಿತ್ತು. ತುಳಸಿ ಬಾಗಿನಲ್ಲಿ ತಾಮ್ರದ ಲೋಲಾಕು ಸಿಕ್ಕಿತು. ನೆರಿಗೆಯ ಹತ್ತಿ ಲಂಗ, ಚಪ್ಪಟೆ ಕೊಲ್ಹಾಪುರಿ. ಪಾರ್ಟಿಯಲ್ಲಿ ಒಬ್ಬರಿಗೂ ಅವಳು ಯಾವ ವೇಷದಲ್ಲಿದ್ದಾಳೆಂದು ಗೊತ್ತಾಗಲಿಲ್ಲವಂತೆ. ಹದಿನೈದು ಸಲ ವಿವರಿಸಬೇಕಾಯಿತು, ಬಹುಮಾನ ಬೆರೆ ಟೋಪಿಯ ಇನ್ನೊಬ್ಬಳಿಗೆ ಹೋಯಿತು. ಇವಳ ಪೊಟ್ಟಣವನ್ನು ಅಂಗಡಿಯವರು ವಾಪಸ್ ತೆಗೆದುಕೊಳ್ಳಲಿಲ್ಲ. ಟೋಪಿಯಲ್ಲಿ ಈಗ ರೂಮ್‌ಮೇಟಿನ ಬೆಕ್ಕು ಮಲಗುತ್ತದೆ.